ಬಾವನ ಬಟ್ಟಲ ನೀರು

ಮೊದಲಿಗೆ ಕ್ಷಮೆ ಕೇಳಿಕೊಂಡುಬಿಡುತ್ತೇನೆ. ಈ ಕಥೆಯನ್ನು ಹೇಳಬೇಕಾದವಳು ನನ್ನ ಅಕ್ಕ, ಅವಳು ಹೇಳುವುದಿಲ್ಲ. ಹೇಳಬಹುದಾಗಿದ್ದವರು ನನ್ನ ಬಾವ. ಅವರಿಗೆ ಆ ದಿನಗಳು ಅರ್ಧಕ್ಕರ್ಧ ನೆನಪಿಲ್ಲ. ಉಳಿದವಳು ನಾನು, ಹಗಲೆಲ್ಲ ಹೊಲಿಗೆ ಯಂತ್ರ ತುಳಿದು ಸಂಜೆ ಶಾಲೆಯಲ್ಲಿ ಅಕ್ಷರ ಕೂಡಿಸಲು ಕಲಿತವಳು. ಒಂದು ವಾಕ್ಯ ಬರೆದರೆ ಅದು ನೆಟ್ಟಗಿದೆಯೋ ಇಲ್ಲವೋ ಎಂದು ಹೊರಳಿ ಹೊರಳಿ ನೋಡುವುದು ನನ್ನ ಸ್ವಭಾವ. ಆದರೆ ಊರಿನಲ್ಲಿ ಈ ಸಂಗತಿಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದವಳು ಬಾಯಿ ಮುಚ್ಚಿಕೊಂಡಿದ್ದರೆ ಅದೂ ತಪ್ಪಾಗುತ್ತದೆ ಅನಿಸಿತು. ಹಾಗಾಗಿ ಧೈರ್ಯ ಮಾಡಿದ್ದೇನೆ. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಊರಿನಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಅವರ ಹತ್ತಿರ ಇರುವ ನೀರು ಏಳುತ್ತದೆ. ಸಣ್ಣ ಸಿಡುಕಿಗೆ ಚಳಿಗೆ ಮೈ ನಡುಗಿದ ಹಾಗೆ ಒಂದು ಅಲೆ. ದೊಡ್ಡ ಸಿಟ್ಟಿಗೆ ಉಕ್ಕುವ ಹಾಲಿನ ಹಾಗೆ ಅಂಚು ದಾಟಿ ಚೆಲ್ಲುತ್ತದೆ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದಾದ್ದರಿಂದ ನಮಗೆ ಇದರಲ್ಲಿ ವಿಶೇಷವೇನೂ ಇಲ್ಲ. ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ನೀರಿನ ಜಗ್ಗು ಇಡುವುದಿಲ್ಲ, ಅಷ್ಟೆ. ಸೊಸೆ ನೀರು ಹೊತ್ತು ತರುವ ಹೊತ್ತಿಗೆ ಅತ್ತೆಯಾದವಳು ತಾನಾಗಿಯೇ ಹಿತ್ತಲಿಗೆ ಎದ್ದು ಹೋಗುತ್ತಾಳೆ. ಹೆಣ್ಣು ನೋಡಲು ಬಂದ ಗಂಡಿನ ಮುಂದೆ ತುಂಬಿದ ಚೊಂಬು ಇಟ್ಟು, ಉಪ್ಪಿಲ್ಲದ ಉಪ್ಪಿಟ್ಟು ಕೊಟ್ಟು, ಮನೆಯವರೆಲ್ಲ ಹುಡುಗನ ಮುಖ ಬಿಟ್ಟು ಚೊಂಬನ್ನೇ ನೋಡುತ್ತಾ ಕೂರುತ್ತಾರೆ. ನಾನು ಹೊಟ್ಟೆ ಹೊರೆಯುವುದೂ ಇದರಿಂದಲೇ. ಕೊಡದ ಬಾಯಿಗೆ ಕಟ್ಟುವ ದಪ್ಪ ಬಟ್ಟೆಯ ಮುಸುಕು ಹೊಲಿಯುತ್ತೇನೆ, ಎಳೆದು ಬಿಗಿಯುವ ದಾರದ ಸಮೇತ. ನನ್ನ ಹೊಲಿಗೆ ಇದುವರೆಗೆ ಬಿಚ್ಚಿದ್ದಿಲ್ಲ. ಆದರೂ ಒಂದೊಂದು ಮುಸುಕು ಕೊಟ್ಟ ಮೇಲೂ ಬಿಚ್ಚಿಹೋದರೇನು ಗತಿ ಎಂದು ಒಳಗೊಳಗೇ ಕುದಿಯುತ್ತಿರುತ್ತೇನೆ. ಪುಣ್ಯಕ್ಕೆ ಹೆದರಿಕೆಗೆ ನೀರು ಏಳುವುದಿಲ್ಲ. ಎದ್ದಿದ್ದರೆ ನನ್ನೊಬ್ಬಳಿಂದಲೇ ಊರು ಮುಳುಗಿರುತ್ತಿತ್ತು.

ಬಾವನ ಹೆಸರು ಚೆಲುವಯ್ಯ. ಮುನಿಸಿಪಾಲಿಟಿಯವರು ಅವರನ್ನು ದೊಡ್ಡ ತೊಟ್ಟಿಯ ಹತ್ತಿರ ಕೆಲಸಕ್ಕೆ ಇಟ್ಟುಕೊಂಡಿದ್ದರು. ಕೆಲಸವೇನೆಂದರೆ ನಿಂತುಕೊಳ್ಳುವುದು. ನೀರಿಗಾಗಿ ಸಾಲು ನಿಂತವರು ಜಗಳಕ್ಕೆ ಬಿದ್ದರೆ ತೊಟ್ಟಿಯ ನೀರೆಲ್ಲ ಎದ್ದು ಚರಂಡಿ ಸೇರುತ್ತದೆ, ಹಾಗಾಗದಂತೆ ನೋಡಿಕೊಳ್ಳಬೇಕು. ಬಾವನಿಗೆ ಅದು ಕೈವಶವಾಗಿತ್ತು. ಇಬ್ಬರು ಕಚ್ಚಾಡುತ್ತಿದ್ದರೆ ನಡುವೆ ಹೋಗಿ ಒಬ್ಬರ ಹೆಗಲ ಮೇಲೆ ಕೈಯಿಟ್ಟು, "ನೀನು ಹೇಳೋದೂ ಸರೀನೆ" ಅನ್ನುವರು. ಇನ್ನೊಬ್ಬರ ಕಡೆ ತಿರುಗಿ, "ನೀನು ಹೇಳೋದೂ ಸರೀನೆ ಕಣಪ್ಪ. ಬೆಳಿಗ್ಗೆ ಏನ್ ತಿಂದೆ?" ಅನ್ನುವರು. ತಿಂದದ್ದನ್ನು ನೆನಪು ಮಾಡಿಕೊಳ್ಳುವಷ್ಟರಲ್ಲಿ ಮನುಷ್ಯನ ಸಿಟ್ಟು ಅರ್ಧ ಇಳಿದಿರುತ್ತದಂತೆ. ಅವರು ನಿಂತ ಕಡೆ ನೀರು ಕನ್ನಡಿಯ ಹಾಗಿರುತ್ತಿತ್ತು. ಹೆಂಗಸರು ಅದರಲ್ಲಿ ಮುಖ ನೋಡಿಕೊಂಡು ಕುಂಕುಮ ತಿದ್ದಿಕೊಳ್ಳುತ್ತಿದ್ದರು.

ಇಂಥವರಿಗೆ ಸಿಕ್ಕ ಹೆಂಡತಿ ನನ್ನ ಅಕ್ಕ ದೇವೀರಮ್ಮ. ಅಕ್ಕನ ಸಿಟ್ಟು ಊರಿಗೇ ಗೊತ್ತು. ಅವಳು ಬೀದಿಯಲ್ಲಿ ಬಂದರೆ ಅಂಗಡಿಯವರು ಮೊದಲು ನೀರಿನ ಪಾತ್ರೆ ಒಳಗಿಡುತ್ತಿದ್ದರು, ಆಮೇಲೆ ನಮಸ್ಕಾರ ಹೇಳುತ್ತಿದ್ದರು. ಬಾವ ತೊಟ್ಟಿಯಿಂದ ಮನೆಗೆ ಬಂದ ಮೇಲೆ ಎರಡನೆಯ ಕೆಲಸ ಶುರು. ಅಕ್ಕನ ಪಕ್ಕ ಕೂತು, ಅವಳ ದಿನದ ಸಿಟ್ಟನ್ನೆಲ್ಲ ಕೇಳಿ, ಹೂಂಗುಟ್ಟಿ, ನಗಿಸಿ, ಕೊನೆಗೆ ಒಂದು ಚೊಂಬು ನೀರು ಚೆಲ್ಲದೆ ಉಳಿದರೆ ಅದನ್ನು ಇಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದರು. "ಊರನ್ನ ತಣ್ಣಗೆ ಮಾಡೋದು ಸುಲಭ ಸಾಕವ್ವ," ಎಂದು ನನ್ನ ಹತ್ತಿರ ಅನ್ನುತ್ತಿದ್ದರು. "ನಿಮ್ಮಕ್ಕನ್ನ ತಣ್ಣಗೆ ಮಾಡೋದು ಅದೆಯಲ್ಲ, ಅದು ಇನ್ಯಾವ ಗಂಡಸಿಗೂ ಬರಲ್ಲ." ಆಗ ಅವರ ಮುಖದಲ್ಲಿ ಎಂಥದೋ ಒಂದು ಠೀವಿ ಇರುತ್ತಿತ್ತು.

ಚಳಿಗಾಲದ ಕೊನೆಯಲ್ಲಿ ಬಾವನಿಗೆ ಜ್ವರ ಹಿಡಿಯಿತು. ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಐಸಿಯುವಿನಲ್ಲಿ ಗಂಟಲಿಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರು ಕೊಟ್ಟರು. ಬದುಕುವ ಆಸೆ ಇಟ್ಟುಕೊಳ್ಳಬೇಡಿ ಎಂದವರು, ಇಟ್ಟುಕೊಳ್ಳಿ ಎಂದರು. ಮತ್ತೆ ಬೇಡ ಎಂದರು. ಕೊನೆಗೆ ಒಂದು ದಿನ ಕೊಳವೆ ತೆಗೆದರು. ಬಾವ ತಾವೇ ಉಸಿರಾಡಿದರು. ಕಷ್ಟ ಮುಗಿಯಿತು ಅಂದುಕೊಂಡೆ. ಕಷ್ಟ ಆಗ ಶುರುವಾಯಿತು.

ನಮ್ಮ ಆಸ್ಪತ್ರೆಯಲ್ಲಿ ಐಸಿಯುವಿನ ಪ್ರತಿ ಹಾಸಿಗೆಯ ಪಕ್ಕ ಒಂದು ಹಿತ್ತಾಳೆ ಬಟ್ಟಲಲ್ಲಿ ನೀರು ಇಟ್ಟಿರುತ್ತಾರೆ. ರೋಗಿಗೆ ಉಸಿರು ನೆಟ್ಟಗಾಗಬೇಕು, ನಾಡಿ ನೆಟ್ಟಗಾಗಬೇಕು, ಆಮೇಲೆ ಬಟ್ಟಲ ನೀರು ಏಳಬೇಕು. ಆಗಲೇ ಅಂಗಳದ ಆಚೆಯ ಚೇತರಿಕೆ ವಾರ್ಡಿಗೆ ಸಾಗಿಸುವುದು. ಅಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು ಕೂರುವುದು, ನಿಲ್ಲುವುದು, ನುಂಗುವುದು, ಎಲ್ಲ ಹೊಸದಾಗಿ ಕಲಿಸುತ್ತಾರೆ. ನೀರು ಏಳದವರನ್ನು ಹಿಂದೆ ಕರುಣೆಯಿಂದ ಕಳಿಸಿ ನೋಡಿದ್ದರಂತೆ. ಅವರು ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲವಂತೆ. ಸಾಮಾನ್ಯವಾಗಿ ಇದೇನು ದೊಡ್ಡ ವಿಷಯವಲ್ಲ. ಆಸ್ಪತ್ರೆಯ ಮೊದಲ ಗಂಜಿಗೇ ಮುಕ್ಕಾಲು ಪಾಲು ಜನರ ಬಟ್ಟಲು ಕುಣಿಯುತ್ತದೆ. ಉಳಿದವರಿಗೆ ಸೂಜಿ ಚುಚ್ಚಿದಾಗ.

ಬಾವ ಗಂಜಿ ಕುಡಿದು, "ಚೆನ್ನಾಗದೆ," ಎಂದರು. ಸಿಸ್ಟರ್ ಫಿಲೋಮಿನಾ ನರ ಸಿಗದೆ ಮತ್ತೆ ಮತ್ತೆ ಚುಚ್ಚಿದಾಗ, "ಪರವಾಗಿಲ್ಲ ತಾಯಿ, ನನ್ನ ನರಾನೆ ಅಂಥದ್ದು, ನಿಮಗೆ ಸುಮ್ನೆ ತೊಂದರೆ," ಎಂದರು. ಬೇಕೆಂದೇ ಕಿಟಕಿಯ ಬಿಸಿಲು ಕಣ್ಣಿಗೆ ಬೀಳುವಂತೆ ಬಿಟ್ಟರು. ಬಾವ ಕಣ್ಣು ಮುಚ್ಚಿಕೊಂಡು, "ಬೆಚ್ಚಗದೆ," ಎಂದರು. ಬಟ್ಟಲ ನೀರು ಇಟ್ಟ ಹಾಗೇ ಇತ್ತು.

"ನಿಮ್ಮ ಬಾವ ತುಂಬಾ ಒಳ್ಳೆಯವರು ಸಾಕಮ್ಮ," ಎಂದು ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅವರ ದನಿಯಲ್ಲಿ ಹೊಗಳಿಕೆ ಇರಲಿಲ್ಲ. "ಒಳ್ಳೆಯವರನ್ನ ಕಂಡರೆ ನಂಗೆ ಭಯ. ಇಲ್ಲಿ ಮಲಗಿದಷ್ಟು ದಿನವೂ ತೊಡೆ ಕರಗ್ತಾ ಹೋಗುತ್ತೆ. ಇನ್ನೊಂದು ಸೋಂಕು ತಗುಲಿದರೆ ತಡ್ಕೊಳ್ಳೋ ಶಕ್ತಿ ಇಲ್ಲ. ಏನಾದ್ರೂ ಮಾಡಿ ಅವರಿಗೆ ಸಿಟ್ಟು ಬರಿಸಿ."

ಸಿಟ್ಟು ಬರಿಸಬಲ್ಲವಳು ಅಕ್ಕ ಎಂದು ನೀವು ಅಂದುಕೊಳ್ಳಬಹುದು. ಆದರೆ ಅಕ್ಕನನ್ನು ಒಳಗೆ ಬಿಡುತ್ತಿರಲಿಲ್ಲ. ಐಸಿಯುವಿನ ಬಾಗಿಲಲ್ಲಿ ಮರಿಗೌಡ ಎಂಬ ಕಾವಲಿನವನು ಒಂದು ಮುಚ್ಚಿದ ಪಾತ್ರೆ ಇಟ್ಟುಕೊಂಡು ಕೂತಿರುತ್ತಾನೆ. ನೋಡಲು ಬಂದವರು ಪಾತ್ರೆಯ ಮುಂದೆ ನಿಲ್ಲಬೇಕು, ಅವನು ಮುಚ್ಚಳ ತೆಗೆಯಬೇಕು, ನೀರು ಸುಮ್ಮನಿದ್ದರೆ ಮಾತ್ರ ಪ್ರವೇಶ. ಇಲ್ಲದಿದ್ದರೆ ಒಳಗಿನ ಬಟ್ಟಲುಗಳಲ್ಲಿ ಯಾರ ಸಿಟ್ಟು ಯಾರದೆಂದು ತಿಳಿಯುವುದು ಹೇಗೆ? ಅಕ್ಕ ದಿನವೂ ಬರುತ್ತಿದ್ದಳು. ದಿನವೂ ಮರಿಗೌಡ ಮುಚ್ಚಳ ತೆಗೆದು ಮುಖ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದ. ದಿನವೂ ನೀರು ಅವನ ಅಂಗಿ ತೋಯಿಸುತ್ತಿತ್ತು.

"ಅಮ್ಮೋರೇ, ಒಸಿ ದೇವರ ಧ್ಯಾನ ಮಾಡ್ಕಂಡು ಬನ್ನಿ."

"ದೇವರ ಮೇಲೇ ಕಣೋ ನಂಗೆ ಸಿಟ್ಟು! ಬೇರೆ ಯಾರ್ ಧ್ಯಾನ ಮಾಡ್ಲಿ, ನಿಂದಾ?"

ಪಾತ್ರೆಯಲ್ಲಿ ಉಳಿದಿದ್ದ ನೀರೂ ಹೋಯಿತು. ಅವಳು ಅಂಗಳಕ್ಕೆ ಇಳಿದು ಕಿಟಕಿಯ ಕೆಳಗೆ ನಿಂತು ಒಳಗಿದ್ದ ನನಗೆ ಕೂಗುತ್ತಿದ್ದಳು: "ಸಾಕಿ, ಉಂಡ್ರಾ ಕೇಳೇ! ಕಾಲಿಗೆ ಎಣ್ಣೆ ಉಜ್ಜಿದ್ಯೇನೇ!" ನಾನು ತಲೆಯಾಡಿಸುತ್ತಿದ್ದೆ. ನನ್ನನ್ನು ಕಂಡರೆ ಮರಿಗೌಡ ಮುಚ್ಚಳ ತೆಗೆಯುವ ಶ್ರಮವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನನ್ನೊಳಗೆ ಹೆದರಿಕೆಯೇ ಇಷ್ಟು ಜಾಗ ಹಿಡಿದಿತ್ತು, ಸಿಟ್ಟು ಕೂರುವುದೆಲ್ಲಿ?

ಹಾಗಾಗಿ ಅಂಗಳದಲ್ಲಿ ಅಕ್ಕ, ನಾನು ಕೂಡಿ ಯೋಚಿಸಿ ಬೈಯುವವರನ್ನು ಹುಡುಕಿದೆವು. ಅದೂ ಸುಲಭವಿರಲಿಲ್ಲ. ಬೈಯಬೇಕು, ಆದರೆ ಬೈಯುವವರಿಗೆ ಸಿಟ್ಟು ಇರಬಾರದು. ನಮ್ಮ ಬೀದಿಯ ತಿಮ್ಮಾಜಮ್ಮ ಒಪ್ಪಿಕೊಂಡಳು. ಬಾಯಿಗೆ ಹೆಸರಾದ ಹೆಂಗಸು, ಬೈಗುಳ ಅವಳಿಗೆ ಎಲೆ ಅಡಿಕೆ ಇದ್ದ ಹಾಗೆ, ಸಿಟ್ಟಿಲ್ಲದೆಯೂ ಬರುತ್ತದೆ. ಒಳಗೆ ಬಂದವಳೇ ಸೊಂಟಕ್ಕೆ ಕೈಯಿಟ್ಟು, "ಏನಯ್ಯಾ ಚೆಲುವಯ್ಯ, ರಾಜನಂಗೆ ಮಲಗಿದೀಯ! ನಾಚಿಕೆ ಆಗಲ್ವಾ, ಹೆಂಗಸ್ರ ಕೈಲಿ ಮುಖ ಒರೆಸ್ಕಂಡು? ನಿನ್ನಂಥ ಸೋಂಬೇರಿ ಗಂಡ ನನಗಿದ್ದಿದ್ರೆ..." ಎಂದು ಶುರು ಮಾಡಿದಳು.

ಬಾವ ಅವಳನ್ನು ಮೆಲ್ಲಗೆ ನೋಡಿದರು. "ಇದ್ದಿದ್ರೆ ಅನ್ನಬ್ಯಾಡ ತಿಮ್ಮಾಜಿ. ಹೋದ ನಿನ್ನ ಗಂಡ ಒಳ್ಳೆಯೋನು. ಈಗಲೂ ನೆನಪಾಗ್ತಾನಾ?" ಎಂದರು.

ತಿಮ್ಮಾಜಮ್ಮನ ಕೈ ಸೊಂಟದಿಂದ ಜಾರಿತು. ಸ್ವಲ್ಪ ಹೊತ್ತಿಗೆ ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬಾವ ಹೆಚ್ಚು ಮಾತಾಡಲಾಗದೆ ಬರಿಯ ಹೂಂಗುಟ್ಟುತ್ತಿದ್ದರು. ತಿಮ್ಮಾಜಮ್ಮ ಹೊರಗೆ ಬಂದು, "ಮನಸ್ಸು ಹಗುರಾಯ್ತು ಕಣವ್ವ," ಎಂದು ಅಕ್ಕನ ಕೈ ಹಿಡಿದಳು. ಅಂಗಳದ ನಲ್ಲಿಯ ಕೆಳಗಿದ್ದ ಬಕೇಟು ತಳದವರೆಗೆ ಬರಿದಾಯಿತು.

ಆಮೇಲೆ ಹೋಟೆಲಿನ ವಾಸುದೇವ ಬಂದ. ಅವನು ಬುದ್ಧಿವಂತ, ಬೈಯಲಿಲ್ಲ. "ಚೆಲುವಣ್ಣ, ತೊಟ್ಟಿ ಹತ್ರ ಹೊಸಬನ್ನ ಹಾಕವ್ರೆ. ಹುಡುಗ ನಿಮಗಿಂತ ಚೆನ್ನಾಗಿ ಮಾಡ್ತಾನೆ. ಒಂದು ಹನಿ ಚೆಲ್ಲಲ್ಲ. ಜನ ನಿಮ್ಮನ್ನ ಮರ್ತೇಬಿಟ್ಟವ್ರೆ," ಎಂದ. ನಾನು ಬಟ್ಟಲನ್ನೇ ನೋಡುತ್ತಿದ್ದೆ. ಬಾವನ ಮುಖ ಅರಳಿತು. "ಒಳ್ಳೇದಾಯ್ತು. ನಂಗೆ ಅದೇ ಯೋಚ್ನೆ ಆಗಿತ್ತು," ಎಂದು ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿದರು. ಆ ನಿಟ್ಟುಸಿರು ನನಗೆ ಹಿಡಿಸಲಿಲ್ಲ. ಹೊರೆ ಇಳಿಸಿ ಹೊರಟವರು ಬಿಡುವ ಉಸಿರಿನ ಹಾಗಿತ್ತು.

ಮಾರನೆಯ ದಿನ ಅವರಿಗೆ ಕೊಡುತ್ತಿದ್ದ ಆಮ್ಲಜನಕವನ್ನು ಮತ್ತೆ ಏರಿಸಬೇಕಾಯಿತು. ಡಾಕ್ಟರ್ ಮುನೀರ್ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ಶ್ವಾಸಕೋಶದಲ್ಲಿ ಹೊಸದಾಗಿ ಕೆಟ್ಟದ್ದೇನೂ ಇಲ್ಲವೆಂದರು. "ಔಷಧಿ ತನ್ನ ಕೆಲಸ ಮಾಡಿದೆ. ಇವರು ತಮ್ಮ ಕಡೆಯಿಂದ ಕೈ ಬಿಡ್ತಾ ಇದ್ದಾರೆ. ನಿಮ್ಮಕ್ಕನಿಗೆ ತಿಳಿಸಿ. ಮನಸ್ಸು ಗಟ್ಟಿ ಮಾಡ್ಕೊಳ್ಳೋಕೆ ಹೇಳಿ," ಎಂದರು.

ಈ ಮಾತನ್ನು ಅಂಗಳಕ್ಕೆ ಹೊತ್ತುಕೊಂಡು ಬಂದವಳು ನಾನು. ಹೇಗೆ ಹೇಳಿದೆನೋ, ಯಾವ ಪದ ಮೊದಲು ಬಂತೋ ನೆನಪಿಲ್ಲ. ಅಕ್ಕ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದಳು. ಅವಳು ನನ್ನನ್ನು ಬೈಯಲಿಲ್ಲ. ಡಾಕ್ಟರನ್ನೂ ಬೈಯಲಿಲ್ಲ. "ನೀನು ಮನೆಗೆ ಹೋಗಿ ಒಸಿ ಮಲಿಕ್ಕ ಸಾಕಿ, ಕಣ್ಣು ಕೆಂಪಾಗವೆ," ಎಂದಳು. ನಾನು ಹೋದೆ. ಹೋಗಬಾರದಿತ್ತೇನೋ.

ಬೆಳಿಗ್ಗೆ ನೋಡುವ ಸಮಯಕ್ಕೆ ಬಂದಾಗ ಅಕ್ಕ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ತಲೆ ಬಾಚಿ, ಒಗೆದ ಸೀರೆ ಉಟ್ಟಿದ್ದಳು. ಮರಿಗೌಡ ರೂಢಿಯಂತೆ ಮುಖ ಪಕ್ಕಕ್ಕೆ ತಿರುಗಿಸಿ ಮುಚ್ಚಳ ತೆಗೆದ. ಅಂಗಿ ತೋಯಲಿಲ್ಲ. ಅವನು ತಿರುಗಿ ನೀರನ್ನು ನೋಡಿದ. ಅಕ್ಕನನ್ನು ನೋಡಿದ.

"ಅಮ್ಮೋರೇ, ಇನ್ನೊಂದ್ಸಲಿ ನೋಡ್ಲಾ?"

"ನೋಡಪ್ಪ," ಎಂದಳು ಅಕ್ಕ.

ಅವಳು ಅವನನ್ನು ಅಪ್ಪ ಎಂದು ಕರೆದದ್ದು ಅದೇ ಮೊದಲು. ಎರಡನೆಯ ಸಲವೂ ನೀರು ಕದಲಲಿಲ್ಲ. ಅವನು ಎದ್ದು ನಿಂತು ಬಾಗಿಲು ತೆಗೆದ. ಅಕ್ಕ ಮೊದಲ ಬಾರಿಗೆ ಐಸಿಯುವಿನೊಳಗೆ ಕಾಲಿಟ್ಟಳು, ಖುಷಿಯಾಗಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದೊಂದು ನಿಂತುಹೋದಂತೆ ಭಯವಾಯಿತು.

ಅವಳು ಸ್ಟೂಲಿನ ಮೇಲೆ ಕೂತು ಬಾವನ ಕೈ ತನ್ನ ಕೈಗೆ ತೆಗೆದುಕೊಂಡಳು. ಬಾವ ಕಣ್ಣು ತೆರೆದು, ಎಲ್ಲರನ್ನೂ ಕಂಡು ನಗುವ ಹಾಗೇ ನಕ್ಕರು.

"ಬಂದ್ಯಾ ದೇವೀರಿ. ಒಳಕ್ಕೆ ಬುಟ್ರಾ?"

"ಬುಟ್ರು."

"ನೀರು?"

"ಏಳ್ನಿಲ್ಲ."

ಬಾವ ಅವಳ ಅಂಗೈ ಒತ್ತಿ ನೋಡಿದರು. "ಮೈ ಹುಷಾರಿಲ್ವಾ ನಿಂಗೆ?"

"ಹುಷಾರಾಗಿದೀನಿ. ಬೆಳಿಗ್ಗೆ ಏನ್ ತಿಂದ್ರಿ?"

"ಗಂಜಿ." ಬಾವ ತುಟಿ ನೆನೆಸಿಕೊಂಡರು. "ಯಾಕೋ ಸಾಕು ಅನ್ನಿಸ್ತದೆ ಕಣೇ. ಇಲ್ಲೇ ಹಿಂಗೇ ಮಲಗಿಬುಟ್ರೆ ಯಾರಿಗೂ ತೊಂದ್ರೆ ಇಲ್ಲ."

ಈಗ ಅಕ್ಕ ಸಿಡಿಯುತ್ತಾಳೆ ಎಂದುಕೊಂಡೆ. ಸಿಡಿದರೆ ಸಾಕಪ್ಪ ಎಂದು ಬೇಡಿಕೊಂಡೆ. ಅಕ್ಕ ಬಾವನ ಹೆಗಲ ಮೇಲೆ ಕೈಯಿಟ್ಟಳು.

"ನೀವು ಹೇಳೋದೂ ಸರೀನೆ," ಎಂದಳು. "ದಣಿದಿದೀರಿ. ಮಲಿಕ್ಕಳಿ. ನನ್ನ ಬಗ್ಗೆ ಯೋಚ್ನೆ ಬ್ಯಾಡ. ನಾನು ಸಮಾಧಾನವಾಗಿದೀನಿ."

ಬಾವನ ನಗು ಅರ್ಧದಲ್ಲೇ ನಿಂತಿತು.

"ಸಮಾಧಾನವಾಗಿದೀಯಾ?"

"ಹೂಂ."

"ಯಾರು ಮಾಡಿದ್ದು?"

"ಏನ?"

"ನಿನ್ನ ಸಮಾಧಾನ. ಯಾರು ಮಾಡಿದ್ದು?"

"ಯಾರೋ ಒಬ್ರು ಬುಡಿ. ಈಗ್ಯಾಕದು?"

"ಯಾರೋ ಒಬ್ರಾ?" ಬಾವ ಮೊಣಕೈ ಊರಿ ಏಳಲು ನೋಡಿದರು. ಆಗಲಿಲ್ಲ. ಕೊಳವೆಯಿಂದ ಹುಣ್ಣಾಗಿದ್ದ ಗಂಟಲು ಕರಕರ ಎಂದಿತು. "ಯಾರೋ ಒಬ್ರಾ? ಮದುವೆಯಾದಾಗಿಂದ ದಿನಾ ಒದ್ದಾಡಿ ಒದ್ದಾಡಿ ಒಂದು ಚೊಂಬು ನೀರು ಉಳಿಸ್ಕತಿದ್ದೆ ನಾನು! ನಾಕು ದಿನ ಹಾಸಿಗೆ ಹಿಡಿದ್ರೆ ಯಾವನೋ ಬಂದು... ಯಾವನು? ಆ ಹೊಸಬನಾ? ತೊಟ್ಟಿ ಹತ್ರ ಇಟ್ಟವ್ರಲ್ಲ, ಅವನಾ? ಅವನಿಗೇನೇ ಗೊತ್ತು ನಿನ್ನ ಸಿಟ್ಟು? ಅವನಿಗೆ ಹೆಗಲು ಮುಟ್ಟೋಕೆ ಬತ್ತದಾ? ಕರಿ ಅವನ್ನ ಇಲ್ಲಿಗೆ!"

ಬಟ್ಟಲ ನೀರಿನ ಮೇಲೆ ಮೊದಲು ಕೂದಲೆಳೆಯಷ್ಟು ಸಣ್ಣ ಗೆರೆ ಕಂಡಿತು. ಗೆರೆ ಅಲೆಯಾಯಿತು. ಅಲೆ ಅಂಚಿಗೆ ಬಡಿದು ಹಿತ್ತಾಳೆ ಗಣಗಣ ಎಂದಿತು. ಆಮೇಲೆ ನೀರು ಎದ್ದಿತು, ಎದ್ದು ಬಟ್ಟಲು ದಾಟಿ ಮೇಜಿನ ಮೇಲೆ, ಮಾತ್ರೆಗಳ ಮೇಲೆ, ನನ್ನ ಪಾದದ ಮೇಲೆ ಬಿದ್ದಿತು. ಆಮ್ಲಜನಕ ಹಾದು ಬರುವ ಬುಡ್ಡಿಯ ನೀರು ಕುದಿಯುವ ಎಸರಿನ ಹಾಗೆ ಕುಣಿಯಿತು. "ಸಿಸ್ಟರ್!" ಎಂದು ಕೂಗಿದವಳು ನಾನೇ ಇರಬೇಕು.

ಸಿಸ್ಟರ್ ಫಿಲೋಮಿನಾ ಓಡಿ ಬಂದರು, ಆದರೆ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನೊಂದು ಬಟ್ಟಲು ತುಂಬಿ ತಂದು, ಅಕ್ಕನನ್ನು ಬಾವನಿಂದ ದೂರ ಗೋಡೆಯ ಪಕ್ಕ ನಿಲ್ಲಿಸಿ ಅವಳ ಮುಂದೆ ಹಿಡಿದರು. ಅಕ್ಕನ ಕಣ್ಣಿಂದ ನೀರು ಸುರಿಯುತ್ತಿತ್ತು. ಬಟ್ಟಲ ನೀರು ಅಲುಗಲಿಲ್ಲ. ಆಗ ನನಗೆ ಸುಮ್ಮನಿರಲಾಗಲಿಲ್ಲ. "ಸಿಸ್ಟರ್, ನನ್ನ ಎದೆ ಡವಡವ ಅಂತಿತ್ತು. ಎದ್ದ ನೀರು ನನ್ನದೂ ಇರಬಹುದು. ನನ್ನನ್ನೂ ನೋಡಿಬಿಡಿ," ಎಂದೆ.

"ನಿನ್ನದಾ?" ಸಿಸ್ಟರ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಸಾಕಮ್ಮ, ನೀನು ಸಿಟ್ಟು ಮಾಡ್ಕೊಳ್ಳೋಕೂ ಯಾರದಾದ್ರೂ ಅಪ್ಪಣೆ ಕೇಳ್ತೀಯ." ಆದರೂ ಬಟ್ಟಲು ಹಿಡಿದರು. ನೀರು ಸುಮ್ಮನಿತ್ತು. ಹಾಸಿಗೆಯ ಪಕ್ಕಕ್ಕೆ ಒಯ್ದರು. ಬಟ್ಟಲು ಅವರ ಕೈಯಲ್ಲಿ ನಿಲ್ಲಲಾರದೆ ಚೆಲ್ಲಿ ಅವರ ಬಿಳಿಯ ಬಟ್ಟೆಯ ಮುಂಭಾಗ ಪೂರಾ ತೋಯಿತು. ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡು ಜೋರಾಗಿ ನಕ್ಕರು. ಅವರು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಡಾಕ್ಟರ್ ಮುನೀರ್ ಅವಸರಪಡಲಿಲ್ಲ. ಆ ದಿನವೆಲ್ಲ ಇಟ್ಟುಕೊಂಡು ನೋಡಿದರು. ಬಾವ ಮಧ್ಯಾಹ್ನದ ಗಂಜಿಯನ್ನು ತಳ್ಳಿ, "ಇದೇನು ಗೋಡೆಗೆ ಬಳಿಯೋದಾ?" ಎಂದರು. ಸಂಜೆಗೆ ಆಮ್ಲಜನಕ ಇಳಿಸಿದರು. ಬೆಳಿಗ್ಗೆ ಇನ್ನಷ್ಟು ಇಳಿಸಿದರು. "ಹೊರಡಿಸಿ," ಎಂದರು ಡಾಕ್ಟರು.

ಐಸಿಯುವಿನಿಂದ ಚೇತರಿಕೆ ವಾರ್ಡಿಗೆ ಹೋಗಬೇಕಾದರೆ ಅಂಗಳ ದಾಟಬೇಕು. ರೋಗಿಯ ಬಟ್ಟಲನ್ನು ಮುಂದೆ ಹಿಡಿದು ನಡೆಯುವುದು ರೂಢಿ. ಸುದ್ದಿ ಊರಿಗೆ ಹೇಗೆ ಮುಟ್ಟಿತೋ, ತೊಟ್ಟಿಯ ಸಾಲಿನವರೆಲ್ಲ ಖಾಲಿ ಕೊಡ, ತುಂಬಿದ ಕೊಡಗಳ ಸಮೇತ ಅಲ್ಲಿಗೇ ಬಂದಿದ್ದರು. ತುಂಬಿದ ಕೊಡದವರು ಮುಸುಕಿನ ದಾರ ಬಿಚ್ಚಿ ಬಾಯಿ ತೆರೆದಿಟ್ಟು ಎರಡೂ ಕಡೆ ಸಾಲಾಗಿ ನಿಂತರು. ನಮ್ಮ ಊರಿನಲ್ಲಿ ಒಬ್ಬರ ಸಿಟ್ಟಿಗೆ ಜನ ತಾವಾಗಿ ಕೊಡದ ಬಾಯಿ ತೆರೆದದ್ದನ್ನು ನಾನು ಕಂಡದ್ದು ಆ ಒಂದೇ ಸಲ.

ಸಿಸ್ಟರ್ ಬಟ್ಟಲು ಹಿಡಿದು ಮುಂದೆ, ತಳ್ಳುಗಾಡಿಯ ಮೇಲೆ ಬಾವ ಹಿಂದೆ. ಬಾವ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. "ಬಿಸಿಲು ಕಣ್ಣಿಗೆ ಹೊಡೀತದೆ. ಮೆಲ್ಲಗೆ ತಳ್ಳೋ, ನಾನೇನು ಸೌದೆಯಾ? ಯಾರಿವರೆಲ್ಲ? ಕೆಲಸ ಇಲ್ವಾ ಇವ್ರಿಗೆ? ವಾಸುದೇವ, ಏನ್ ಹಲ್ಲು ಬಿಡ್ತೀಯ?" ಅವರು ದಾಟಿದ ಕಡೆಯೆಲ್ಲ ಕೊಡದ ಮೇಲೆ ಕೊಡ ಉಕ್ಕಿತು. ನೀರು ಹೆಂಗಸರ ಸೀರೆಗೆ, ಗಂಡಸರ ಪಂಚೆಗೆ ಎರಚಿತು. ಜನ ಹೋ ಎಂದು ಕೂಗಿದರು. ತಿಮ್ಮಾಜಮ್ಮ ತೋಯ್ದ ತಲೆಯಲ್ಲೇ, "ಇನ್ನೊಂದು ಬೈಯಯ್ಯಾ! ನನ್ನ ಎರಡನೇ ಕೊಡ ಇನ್ನೂ ಹಂಗೇ ಅದೆ!" ಎಂದು ಕಿರುಚಿದಳು.

ಅರ್ಧ ಅಂಗಳದಲ್ಲಿ ಗಾಡಿಯ ಚಕ್ರ ಕಲ್ಲಿಗೆ ಸಿಕ್ಕಿಕೊಂಡಿತು. ಗಾಡಿ ವಾಲಿತು. ಬಾವನ ತಲೆ ಪಕ್ಕಕ್ಕೆ ಜಾರಿತು. ಅಷ್ಟು ಹೊತ್ತು ಬಾಯಿ ಬಿಡದೆ ಪಕ್ಕದಲ್ಲಿ ನಡೆಯುತ್ತಿದ್ದ ಅಕ್ಕ ಒಮ್ಮೆಲೇ, "ಕಣ್ಣೇನು ಅಡವಿಟ್ಟಿದೀಯೇನೋ! ಸಾವಿನ ಬಾಯಿಂದ ಕಿತ್ಕಂಡು ಬಂದಿರೋದನ್ನ ಕಲ್ಲಿನ ಮೇಲೆ ಕೆಡವ್ತೀಯಾ!" ಎಂದು ಗಾಡಿಯವನ ಮೇಲೆ ಹರಿಹಾಯ್ದಳು. ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದ ಬಕೇಟುಗಳ ನೀರು ಒಟ್ಟಿಗೇ ಆಳೆತ್ತರ ಎದ್ದಿತು.

"ನೋಡು!" ಬಾವ ಗಾಡಿಯ ಮೇಲಿಂದ ಕೈಯೆತ್ತಲು ಹೋಗಿ ಎತ್ತಲಾರದೆ ಬೆರಳು ತೋರಿಸಿದರು. ಅವರ ಮುಖದ ಮೇಲೆ ನೀರು ಇಳಿಯುತ್ತಿತ್ತು. "ನೋಡು, ನೋಡು! ಅದೇ! ಯಾವನ ಕೈಲೂ ಆಗಿಲ್ಲ!"

ಇಬ್ಬರೂ ನಗುತ್ತಿದ್ದರೋ ಅಳುತ್ತಿದ್ದರೋ, ಎಲ್ಲರ ಮುಖವೂ ತೋಯ್ದಿದ್ದರಿಂದ ಹೇಳುವುದು ಕಷ್ಟ.

ಚೇತರಿಕೆ ವಾರ್ಡಿನ ಬಗ್ಗೆ ನನಗೆ ಭಯವಿತ್ತು, ಅದನ್ನೂ ಹೇಳಬೇಕು. ಐಸಿಯುವಿನಲ್ಲಿ ಬಾವನ ಒಂದೊಂದು ಉಸಿರನ್ನೂ ಯಂತ್ರ ಕಾಯುತ್ತಿತ್ತು. ಇಲ್ಲಿ ಯಂತ್ರವಿಲ್ಲ, ಹಾಸಿಗೆಗೊಬ್ಬ ನರ್ಸ್ ಇಲ್ಲ. ಒಳಗೆ ಕಾಲಿಟ್ಟರೆ ಸಂತೆ. ಒಬ್ಬ ಫ್ಯಾನು ಹಾಕೆನ್ನುತ್ತಾನೆ, ಇನ್ನೊಬ್ಬ ಆರಿಸೆನ್ನುತ್ತಾನೆ; ನೆಲ ಒಣಗಿದ್ದೇ ಇಲ್ಲ, ಎಲ್ಲರೂ ಗೋಣಿತಾಟಿನ ಮೇಲೆ ಕಾಲಿಟ್ಟು ನಡೆಯುತ್ತಾರೆ. ಯಂತ್ರದ ಟಿಕ್ ಟಿಕ್ ಇಲ್ಲದೆ ಬಾವನಿಗೆ ಉಸಿರಾಡಲು ಮರೆತುಹೋದರೇನು ಗತಿ ಎಂದು ನಾನು ಅವರ ಎದೆಯನ್ನೇ ನೋಡುತ್ತಾ ಕೂರುತ್ತಿದ್ದೆ. "ನನ್ನ ಎದೆ ಮೇಲೆ ಏನಾದ್ರೂ ಬರೆದಿದ್ದಾರಾ ಸಾಕವ್ವ?" ಎಂದು ಬಾವ ರೇಗುತ್ತಿದ್ದರು. ಲೋಟದಲ್ಲಿ ಅಲೆ ಬರುತ್ತಿತ್ತು. ನನಗೆ ನೆಮ್ಮದಿಯಾಗುತ್ತಿತ್ತು.

ವ್ಯಾಯಾಮ ಮಾಡಿಸಲು ಜೀನತ್ ಎಂಬ ಹುಡುಗಿ ಬರುತ್ತಿದ್ದಳು. ಬಾವನ ಕಾಲುಗಳು ಬೆತ್ತದಷ್ಟಾಗಿದ್ದವು. ಮೊದಲ ದಿನ ಹಾಸಿಗೆಯ ಅಂಚಿನಲ್ಲಿ ಕೂರಿಸಿದರೆ ಕತ್ತು ನಿಲ್ಲಲಿಲ್ಲ. ಚಮಚ ಹಿಡಿದರೆ ಬೆರಳು ನಡುಗಿ ಅನ್ನ ಎದೆಯ ಮೇಲೆ ಬೀಳುತ್ತಿತ್ತು. ನೀರು ನುಂಗಿದರೆ ಕೆಮ್ಮು. "ಇನ್ನೊಂದ್ಸಲ ತಾತ," ಎನ್ನುತ್ತಿದ್ದಳು ಜೀನತ್.

"ಯಾರೇ ತಾತ? ನಿಮ್ಮಪ್ಪನ ವಯಸ್ಸು ನಂದು!"

"ಹಂಗಾದ್ರೆ ಎದ್ದು ನಿಂತು ತೋರಿಸಿ ತಾತ."

ಬಾವ ಹಲ್ಲು ಕಚ್ಚಿ ನಿಂತರು. ಪಕ್ಕದ ಮೇಜಿನ ಹೂಜಿ ಉಕ್ಕಿತು. ಮೊಣಕಾಲು ಮಡಚಿಕೊಂಡಿತು, ಕೂತರು. ಬೈದರು, ಮತ್ತೆ ನಿಂತರು. ನಡುವೆ ಒಮ್ಮೆ ಜ್ವರ ಮರಳಿ ಬಂದಾಗ ನಾನು ಐಸಿಯುವಿನ ಬಾಗಿಲಿನತ್ತ ನೋಡಿ ನೋಡಿ ಸವೆದುಹೋದೆ. ಜ್ವರ ಬಂದ ಹಾಗೇ ಹೋಯಿತು. ಮಾವಿನಕಾಯಿ ಮಾರಾಟಕ್ಕೆ ಬರುವ ಹೊತ್ತಿಗೆ ಬಾವ ಗೋಡೆ ಹಿಡಿದು, ಆಮೇಲೆ ಅಕ್ಕನ ಭುಜ ಹಿಡಿದು, ಆಮೇಲೆ ಏನನ್ನೂ ಹಿಡಿಯದೆ ವಾರ್ಡಿನ ಹೊರಗಿನ ನಲ್ಲಿಯವರೆಗೆ ನಡೆದರು. ಲೋಟ ತುಂಬಿಸಿಕೊಂಡು ನಿಂತೇ ಕುಡಿದರು. ಕೆಮ್ಮಲಿಲ್ಲ. ವಾರ್ಡಿನಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ಬೈಯುವುದನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಜೀನತ್ ಕಣ್ಣು ಒರೆಸಿಕೊಂಡು, "ಬಹಳ ಚೆನ್ನಾಗಿ ನಡೆದ್ರಿ ಅಣ್ಣ," ಎಂದಳು.

ಈಗ ಬಾವ ಮತ್ತೆ ತೊಟ್ಟಿಯ ಹತ್ತಿರ ಹೋಗುತ್ತಾರೆ. ಮೊದಲಿನ ಹಾಗೆ ದಿನವಿಡೀ ನಿಲ್ಲಲಾಗುವುದಿಲ್ಲ, ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೊಸ ಹುಡುಗನಿಗೆ ಕೆಲಸ ಕಲಿಸುತ್ತಾರೆ, ಅವನು ಹೆಗಲು ಮುಟ್ಟುವ ರೀತಿ ಸರಿಯಿಲ್ಲವೆಂದು ಗದರುತ್ತಾರೆ. ತೊಟ್ಟಿಯ ನೀರು ಈಗ ಕನ್ನಡಿಯ ಹಾಗಿಲ್ಲ, ಅದರ ಮೇಲೆ ಯಾವಾಗಲೂ ಒಂದು ಸಣ್ಣ ಅಲೆ ಇರುತ್ತದೆ. ಹೆಂಗಸರು ಕುಂಕುಮ ತಿದ್ದಿಕೊಳ್ಳಲು ಮನೆಯಿಂದಲೇ ಕನ್ನಡಿ ತರುತ್ತಾರೆ. ಯಾರೂ ದೂರಿಲ್ಲ.

ಬಾವ ಮಾತ್ರ ಆಗಾಗ ಊಟದ ನಡುವೆ ಕೈ ನಿಲ್ಲಿಸಿ, "ಆವತ್ತು ನಿನ್ನ ಸಮಾಧಾನ ಮಾಡಿದ್ದು ಯಾರೇ?" ಎಂದು ಕೇಳುತ್ತಾರೆ. ಅಕ್ಕ, "ಉಣ್ಣಿ ಸುಮ್ನೆ," ಎನ್ನುತ್ತಾಳೆ. ಊರವರು ತಲೆಗೊಂದು ಹೇಳುತ್ತಾರೆ. ಅವಳು ಗಂಡನ ಆಸೆ ಬಿಟ್ಟು ಬಂದಿದ್ದಳು, ಆಸೆ ಬಿಟ್ಟವರಿಗೆ ಸಿಟ್ಟೆಲ್ಲಿ ಎಂದು ಕೆಲವರು. ಎಲ್ಲ ಮೊದಲೇ ಲೆಕ್ಕ ಹಾಕಿಕೊಂಡು ಮಾಡಿದ ನಾಟಕ ಎಂದು ಇನ್ನು ಕೆಲವರು. ಆದರೆ ನಮ್ಮ ಊರಿನ ನೀರಿನ ಮುಂದೆ ನಾಟಕ ನಡೆಯುವುದಿಲ್ಲ, ಇದು ಮಕ್ಕಳಿಗೂ ಗೊತ್ತು. ನಾನು ಮನೆಗೆ ಹೋಗಿ ಮಲಗಿದ ಆ ಹೊತ್ತಿನಲ್ಲಿ, ಬೇವಿನ ಕಟ್ಟೆಯ ಮೇಲೆ, ಅಕ್ಕನ ಹತ್ತಿರ ಯಾರಾದರೂ ಬಂದಿದ್ದರೋ, ಅವಳೇ ತನ್ನ ಜೊತೆ ಏನು ಮಾತಾಡಿಕೊಂಡಳೋ, ಆ ಬೆಳಿಗ್ಗೆ ಅವಳ ಮುಂದೆ ನೀರು ಯಾಕೆ ಏಳಲಿಲ್ಲವೋ ಎಂದು ನಾನು ಕೇಳಿದ್ದೇನೆ. ಅವಳು ಹೇಳಿಲ್ಲ. ನನಗೆ ಗೊತ್ತಿಲ್ಲ.